ಜಗಲಿಯ ಮೇಲಿನ ಫಾಸ್ಟಿನಾ

ರಾತ್ರಿ ಹನ್ನೊಂದೂವರೆಗೆ ಫರಸಿ ನೆಲದ ಮೇಲೆ ಟಿಣ್ ಎಂದು ಏನೋ ಬಿದ್ದ ಸದ್ದಾಯಿತು, ಇಲಿಯಿರಬೇಕೆಂದು ಮಗ್ಗುಲಾದೆ ಎಂದು ಗುರುಲಿಂಗಯ್ಯ ದೂರಿನಲ್ಲಿ ಬರೆದಿದ್ದರು. ಶಹಾಬಾದಿನ ಈ ನಿವೃತ್ತ ಇತಿಹಾಸ ಅಧ್ಯಾಪಕರ ಹಳೆಯ ನಾಣ್ಯಗಳಲ್ಲಿ ಒಂದು ಕಾಣೆಯಾಗಿತ್ತು. ಜುಲೈ 14, ಬೆಳಿಗ್ಗೆ 9.15ಕ್ಕೆ ಎಫ್‌ಐಆರ್ ದಾಖಲಿಸಿ ಪಿಎಸ್‌ಐ ನಾಗರತ್ನಾ, ಕಾನ್‌ಸ್ಟೇಬಲ್ ಸುರೇಶಕುಮಾರನೊಂದಿಗೆ ಅವರ ಮನೆಗೆ ಹೋದಳು.

"ಯಾವುದು ಹೋಗ್ಯದ, ಸರ್?"

"ಫಾಸ್ಟಿನಾ. ರೋಮಿನ ರಾಣಿ. ಅಲೆಕ್ಸಾಂಡ್ರಿಯಾದಾಗ ಅಚ್ಚು ಹಾಕಿದ ತಾಮ್ರದ ನಾಣ್ಯ. ಪೆಟ್ಟಿಗ್ಯಾಗ ಹೆಣ್ಣಮಗಳ ಮುಖ ಇದ್ದದ್ದು ಅದೊಂದೇ."

"ಬಂಗಾರದ್ದು ಎರಡು ಹಂಗೇ ಬಿಟ್ಟಾನ್ರಿ ಮೇಡಂ," ಸುರೇಶಕುಮಾರ ನಕ್ಕ. "ಕಳ್ಳ ಹೊಸಬ ಇರಬೇಕು."

ನಾಗರತ್ನಾ ನಗಲಿಲ್ಲ. ಬಾಗಿಲು, ಕಿಟಕಿ ಯಾವುದೂ ಮುರಿದಿರಲಿಲ್ಲ.

"ರಾತ್ರಿ ಮನ್ಯಾಗ ಯಾರಿದ್ರು?"

"ನಾನು, ಹಾಸಿಗಿ ಹಿಡಿದ ನಮ್ಮ ತಾಯಿ. ಆಕೀನ ನೋಡ್ಕೊಳ್ಳಾಕ ಭಂಕೂರದ ಅನಸುಬಾಯಿ. ಮುಂಜಾನೆ ತನ್ನ ಮನಿಗೆ ಹೋದ್ಲು. ಭಾಳ ನಿಯತ್ತಿನಾಕಿ ಬಿಡ್ರಿ."

ಆ ಹೆಸರು ನಾಗರತ್ನಾಳಿಗೆ ಎಲ್ಲೋ ಕೇಳಿದ ಹಾಗಿತ್ತು.

11.40ಕ್ಕೆ ಭಂಕೂರ. ಅನಸುಬಾಯಿಯದು ಒಂದೇ ಖೋಲಿಯ ಮನೆ. ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿದ ನಾಣ್ಯವಿತ್ತು. ಹುಣಸೆಹಣ್ಣಿನಿಂದ ತಿಕ್ಕಿ ತೊಳೆದಿದ್ದರಿಂದ ಶತಮಾನಗಳ ಹಸಿರು ಹೋಗಿ ಕೆಂಪಗೆ ಹೊಳೆಯುತ್ತಿತ್ತು. ಅನಸುಬಾಯಿ ಓಡಲಿಲ್ಲ, ಅಳಲಿಲ್ಲ. ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು.

"ಯಾಕ ತಗೊಂಡಿ?"

"ತುರುಬು ನೋಡ್ರಿ. ನಮ್ಮ ಕರುಣಾ ಹಿಂಗೇ ಕಟ್ಟತಿದ್ಲು."

"ಮಗಳೇನು?"

"ಹೂಂರಿ. ಕಲ್ಲಿನ ಖಣಿ ನೀರಾಗ ಬಿದ್ದು ಸತ್ಲು. ಮೂರು ವರ್ಷಾತು. ಸತ್ತೋರ ಮುಖ ಜಗಲಿ ಮ್ಯಾಲ ಇರಬೇಕಲ್ರಿ."

"ಫೋಟೊ ಇಡಬೇಕಿತ್ತು."

"ಒಂದೇ ಇತ್ತು. ಹೆಣ ಗುರ್ತು ಹಿಡಿಯಾಕ ಬೇಕಂತ ನೀವೇ ಒಯ್ದಿರಿ. ಕೇಸ್ ಮುಗದಮ್ಯಾಲ ಕೊಡ್ತೀವಿ ಅಂದ್ರಿ. ಎರಡು ಸಲ ಠಾಣೆಗೆ ಬಂದಿದ್ದೆ. ಮೇಡಂ ಇಲ್ಲ ಅಂದ್ರು."

ಸುರೇಶಕುಮಾರನ ಪೆನ್ನು ನಿಂತಿತು. ನಾಗರತ್ನಾಳಿಗೆ ಈಗ ನೆನಪಾಯಿತು. ಖಣಿಯ ದಂಡೆ, ಸೆರಗಿನಲ್ಲಿ ಒರೆಸಿ ಕೊಟ್ಟ ಫೋಟೊ, ಎರಡೇ ದಿನಕ್ಕೆ ಅಸಹಜ ಸಾವೆಂದು ಮುಗಿಸಿದ ಕಡತ. ಕೆಳಗಿನ ಸಹಿ ಅವಳದೇ.

"ಫೋಟೊ ಜ್ವಾಪಾನ ಅದಲ್ರಿ?"

"ಅದ," ಎಂದಳು.

ಮಧ್ಯಾಹ್ನ 1.10ಕ್ಕೆ ಬಂಧನವಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ನಾಗರತ್ನಾ ಬಹಳ ಹೊತ್ತು ಯೋಚಿಸಿ 'ಪೂಜೆಗೆ' ಎಂದು ಬರೆದಳು.

ಸಂಜೆ ರೆಕಾರ್ಡ್ ಕೋಣೆಯ ಬೀಗ ಅವಳೇ ತೆಗೆದಳು. ಕರುಣಾಳ ಕಡತ ಕೆಳಗಿನ ಸಾಲಿನಲ್ಲಿತ್ತು. ಸೋರಿದ ಮಳೆನೀರು ಕುಡಿದು ಹಾಳೆಗಳು ಅಂಟಿಕೊಂಡಿದ್ದವು. ಫೋಟೊ ಬಿಡಿಸಿದಳು. ಮುಖವಿದ್ದ ಜಾಗ ಬೆಳ್ಳಗಾಗಿತ್ತು. ಕತ್ತಿನ ಹಿಂದೆ ತುರುಬು ಮಾತ್ರ ಕಪ್ಪಗೆ ಉಳಿದಿತ್ತು.

"ಸಿಕ್ತೇನ್ರಿ ಮೇಡಂ?" ಹೊರಗಿನಿಂದ ಸುರೇಶಕುಮಾರ ಕೇಳಿದ.

"ಹುಡಕಾಕತ್ತೀನಿ."

ಅವಳು ಕಡತದ ದಾರವನ್ನು ಮೊದಲಿನಂತೆ ಬಿಗಿದು ಕಟ್ಟಿದಳು. ಇದನ್ನು ಯಾರಿಗೂ ಹೇಳಬಾರದು. ಅನಸುಬಾಯಿಯ ಪಾಲಿಗೆ ಮಗಳ ಮುಖ ಠಾಣೆಯಲ್ಲಿ ಜೋಪಾನವಾಗಿಯೇ ಇರಲಿ.