ಎರಡನೇ ಕುಕ್ಕರ್ ಮತ್ತು ಕಂಪನಿಯ ಬ್ಲಾಗ್

ಕುಕ್ಕರಿನ ಬಾಗಿಲು ಹಾರಿ ಎದುರು ಗೋಡೆಯ ಬುಡದಲ್ಲಿ ಬಿದ್ದಿತ್ತು. ಅದರಡಿಯಲ್ಲಿ ಮೆಕ್ಯಾನಿಕ್ ಕೋಪ್.

ಬ್ಯಾಂಕಾಕ್ ಬಳಿಯ ಸಮುತ್ ಸಾಖೋನ್‌ನ ಆ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ಬೇಯಿಸುವ ಹಬೆಯ ಯಂತ್ರಕ್ಕೆ ಎಲ್ಲರೂ ಕುಕ್ಕರ್ ಎನ್ನುತ್ತಾರೆ. ಎರಡನೆಯದು ಬೆಳಗಿನ ಪಾಳಿ ಶುರುವಾಗುತ್ತಿದ್ದಂತೆ ಸಿಡಿದಿತ್ತು. ಇನ್ಸ್‌ಪೆಕ್ಟರ್ ರಚನೀ ಬಂದಾಗ ನೆಲದ ತುಂಬ ಮೀನು, ಎಣ್ಣೆ, ರಕ್ತ.

ಅಲ್ಲಿನ ಮಾತಿನಲ್ಲಿ ಕೋಪ್ ಎಂದರೆ ಕಪ್ಪೆ; ಅಡ್ಡಹೆಸರು. ಹೆಸರು ಕೇಳಿ ಕೋಪಿಷ್ಠನೆಂದುಕೊಳ್ಳಬೇಡಿ, ಸೊಳ್ಳೆಯನ್ನೂ ಗದರಿದವನಲ್ಲ.

"ನಮ್ಮಲ್ಲಿ ಮುಚ್ಚುಮರೆ ಇಲ್ಲ ಮೇಡಂ," ಎಂದ ನಿರ್ದೇಶಕ ಧೀರವತ್. ಬ್ಯಾಂಕಾಕಿನಿಂದ ಈ ವರ್ಷವಷ್ಟೇ ಬಂದವನು. ಅಂಗಿಯಲ್ಲಿ ಒಂದು ಸುಕ್ಕಿಲ್ಲ. "ಮೀಟಿಂಗ್ ಇಲ್ಲ, ಚೀಟಿ ಇಲ್ಲ. ಕಂಪನಿಗೆ ಒಂದು ಬ್ಲಾಗ್ ಮಾಡಿಸಿದೀನಿ. ರಾತ್ರಿ ಪಾಳಿಯವರು ಬರೀತಾರೆ, ಬೆಳಗಿನವರು ಓದ್ತಾರೆ. ಬಾಯಿ ಸತ್ತವನೂ ಅದರಲ್ಲಿ ಮಾತಾಡ್ತಾನೆ. ಇದನ್ನ ಓದಿ."

ಪರದೆಯ ಮೇಲೆ ಕೋಪ್ ಹೆಸರಿನಲ್ಲಿ ಹೀಗಿತ್ತು: "ಎರಡನೇ ಕುಕ್ಕರಿನ ಲಾಕ್ ಸರಿಪಡಿಸಿದ್ದೇನೆ. ಸುರಚೈ ಜೊತೆಗಿದ್ದು ನೋಡಿದ್ದಾರೆ. ಧಾರಾಳವಾಗಿ ನಡೆಸಬಹುದು. ಜವಾಬ್ದಾರಿ ನನ್ನದು."

"ತಪ್ಪು ತನ್ನದೇ ಅಂತ ಅವನೇ ಬರೆದುಕೊಟ್ಟಿದಾನೆ. ಪಾಪ." ಪಾಪ ಎನ್ನುವಾಗ ಧೀರವತ್ ಗಡಿಯಾರ ನೋಡಿಕೊಂಡ. ಜಪಾನಿನ ಗಿರಾಕಿಗಳು ಆ ದಿನವೇ ಕಾರ್ಖಾನೆ ನೋಡಲು ಬರುವವರಿದ್ದರು.

ಹೊರಗೆ ಕೋಪ್‌ನ ಹೆಂಡತಿ ನುವಲ್ ಕಾದಿದ್ದಳು. ಅಳುತ್ತಿರಲಿಲ್ಲ. "ಸರಿ ಮಾಡದೆ ಸರಿ ಮಾಡಿದೆ ಅನ್ನೋ ಜಾತಿ ಅಲ್ಲ ಮೇಡಂ ಅವನು. ನಾಳೆ ಅವನ ಹೆಣ ಸುಡುವಾಗ ಜನ 'ತನ್ನ ತಪ್ಪಿಗೆ ತಾನೇ ಸತ್ತ' ಅನ್ನಬಾರದು. ನನಗೆ ಇನ್ನೇನೂ ಬೇಡ."

* * *

"ಸುರಚೈ ಯಾರು?" ಎಂದು ರಚನೀ ಕೆಲಸಗಾರರನ್ನು ಕೇಳಿದಳು.

ಮೀನು ಸೀಳುವ ಸಾಲಿನಿಂದ ಒಬ್ಬ ಮುದುಕಿ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲಮ್ಮ," ಎಂದಳು.

ಮೂಲೆಯಲ್ಲಿ ಒಬ್ಬ ದಪ್ಪನೆಯವನು ಕೆಮ್ಮಿದ. "ನಾನೇ ಇರಬೇಕು ಮೇಡಂ."

"ಇರಬೇಕು ಅಂದ್ರೆ? ನಿನ್ನ ಹೆಸರು ನಿನಗೇ ಗೊತ್ತಿಲ್ವಾ?"

"ಕಾಗದದಲ್ಲಿ ಸುರಚೈ. ಇಲ್ಲೆಲ್ಲ ಉವನ್."

ಅವನಲ್ಲ, ಇವನಲ್ಲ, ಉವನ್. ಎಂದರೆ ಡುಮ್ಮ. ಹೆಸರಿಗೆ ಮೋಸ ಮಾಡಿರಲಿಲ್ಲ.

"ಸ್ಟೀಮ್ ಬಿಟ್ಟಿದ್ದು ನೀನೇನಾ?"

"ಹೌದು. ಸರಿಯಾಗಿದೆ ಅಂತ ಬ್ಲಾಗಲ್ಲಿ ಇತ್ತು, ಬಿಟ್ಟೆ. ಕೋಪಣ್ಣ ರಾತ್ರಿ ಪಾಳಿ ಮುಗಿಸಿ ಅದೇ ತಾನೇ ಗೇಟು ದಾಟಿದ್ದ. ಹಬೆ ಸದ್ದು ಕೇಳಿ 'ನಿಲ್ಸೋ, ನಿಲ್ಸೋ' ಅಂತ ಓಡಿ ಬಂದ. ವಾಲ್ವ್‌ಗೆ ಕೈ ಹಾಕಿದ, ಅಷ್ಟೇ..." ಉವನ್ ಮುಖ ತಿರುಗಿಸಿದ.

ಸಾರ್ಜೆಂಟ್ ಮೊಂಗ್ಕೋಲ್ ರಚನೀ ಕಿವಿಯ ಬಳಿ ಬಗ್ಗಿದ. "ಇವನದೇ ಕೈವಾಡ ಮೇಡಂ. ಹೋದ ವಾರ ಬ್ಲಾಗಲ್ಲೇ ಇಬ್ಬರೂ ಕಿತ್ತಾಡಿದಾರೆ." ಆಮೇಲೆ ಕತ್ತು ನೆಟ್ಟಗೆ ಮಾಡಿ, ಧೀರವತ್‌ನ ಮೂಗಿನ ದನಿಯಲ್ಲೇ, "ನಮ್ಮಲ್ಲಿ ಮುಚ್ಚುಮರೆ ಇಲ್ಲಾ ಮೇಡಂ," ಎಂದ.

ರಚನೀ ನಗಲಿಲ್ಲ. ಆ ಜಗಳವನ್ನು ಓದಿದಳು. "ಉವನ್, ನಿನ್ನ ಹೊಟ್ಟೆ ನನ್ನ ವಾಲ್ವ್ ಮೇಲೆ ಒರಗಿಸಬೇಡ ಮಾರಾಯ," ಎಂದು ಕೋಪ್. "ಕಪ್ಪೆ, ನೀನು ವಟಗುಟ್ಟಬೇಡ," ಎಂದು ಉವನ್. ಹಳೆಯದನ್ನೆಲ್ಲ ಕೆದಕಿದಳು. ಏಡಿಯಕ್ಕ, ಬೆಕ್ಕಣ್ಣ, ಹಂದಿಮರಿ... ಸುರಚೈ ಎಲ್ಲೂ ಇಲ್ಲ.

* * *

ಕಾಗದದ ಹೆಸರು ಗೊತ್ತಿರುವುದು ಸಿಬ್ಬಂದಿ ವಿಭಾಗಕ್ಕೆ. ಅದರ ಮುಖ್ಯಸ್ಥೆ ವಿಭಾ ಕಾರ್ಖಾನೆಯಷ್ಟೇ ಹಳಬಳು.

"ಸುರಚೈ ಎಂಥ ಮನುಷ್ಯ?" ಎಂದು ರಚನೀ ಕೇಳಿದಳು.

"ಯಾರು... ಓ, ನಮ್ಮ ಉವನ್ನಾ?"

ವಿಭಾ ಮೇಲಿನ ಅನುಮಾನ ಅಲ್ಲೇ ಸತ್ತಿತು. ರಚನೀ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಅಕ್ಕ, ಬ್ಲಾಗಲ್ಲಿ ಇನ್ನೊಬ್ಬರ ಹೆಸರಲ್ಲಿ ಬರೆಯೋಕೆ ಆಗ್ತದಾ?"

"ಬ್ಲಾಗಿನ ಬೀಗದ ಕೈ, ಅದೇ ಪಾಸ್‌ವರ್ಡ್, ಇರೋರಿಗೆ ಆಗ್ತದೆ," ಎಂದಳು ವಿಭಾ, ಬಾಗಿಲ ಕಡೆ ನೋಡುತ್ತ. "ಅದಿರೋದು ಒಬ್ಬರ ಹತ್ರ. ಅಳಿಸಿದ್ದರ ಪ್ರತಿ ಬ್ಲಾಗಲ್ಲೇ ಉಳೀತದೆ ಅಂತ ಆ ಮಹಾನುಭಾವರಿಗೆ ಗೊತ್ತಿಲ್ಲ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಮ್ಮ."

* * *

"ಒಂದು ಹೆಸರು ಇಟ್ಕೊಂಡು ನನ್ನ ಮೇಲೆ ಬರ್ತೀರಾ?" ಧೀರವತ್ ಎದ್ದು ನಿಂತ.

"ಕೋಪ್ ತಾನೇ ಲಾಕ್ ಸರಿ ಮಾಡಿದ್ರೆ ಹಬೆ ಸದ್ದಿಗೆ ಯಾಕೆ ಓಡಿ ಬರ್ತಿದ್ದ? ಮೊದಲ ಅನುಮಾನ ಅದು. ಆಮೇಲೆ ಹೆಸರು. ಜೊತೆಗೆ ಉಂಡವರು ಇಲ್ಲಿ ಯಾರನ್ನೂ ಕಾಗದದ ಹೆಸರಿಂದ ಕರೆಯಲ್ಲ. ಸಿಬ್ಬಂದಿ ಪಟ್ಟಿ ಓದಿ ಕರೆಯೋರು ನೀವೊಬ್ಬರೇ. ಇನ್ನು ಇದು ಅವನ ನಿಜವಾದ ಬರಹ."

ಅಳಿಸಿದ ಬರಹದ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಎರಡನೇ ಕುಕ್ಕರ್ ಲಾಕ್ ಹಿಡೀತಿಲ್ಲ. ಯಾರೂ ಮುಟ್ಬೇಡಿ. ಉವನ್, ನಿನಗೇ ಹೇಳ್ತಿರೋದು."

"ಗಿರಾಕಿಗಳಿಗೆ ಎರಡೂ ಕುಕ್ಕರ್ ಓಡೋದು ಕಾಣಬೇಕಿತ್ತು. ಅವರಿಗೂ ಇದೇ ಬ್ಲಾಗ್ ತೋರಿಸಿ ಮೆರೀಬೇಕಿತ್ತು. ಅದಕ್ಕೇ ಇದನ್ನ ತೆಗೆದು ಅದನ್ನ ಹಾಕಿದ್ರಿ."

ಧೀರವತ್ ಕುಳಿತ. "ಸಾಯಿಸಬೇಕು ಅಂತ ಇರಲಿಲ್ಲ," ಎಂದ.

"ಗೊತ್ತು. ಸಾಯ್ತಾರೆ ಅಂತ ಯೋಚನೆನೇ ಇರಲಿಲ್ಲ. ನಡೀರಿ."

* * *

ಹೊರಡುವ ಮುನ್ನ ರಚನೀ ಉವನ್‌ನ ಎದುರು ನಿಂತಳು. "ಸುರಚೈ ಜೊತೆಗಿದ್ದ ಅಂತ ಇತ್ತಲ್ಲ. ನೀನು ಜೊತೆಗಿರಲಿಲ್ಲ. ಓದಿದ ಕೂಡಲೇ ಸುಳ್ಳು ಅಂತ ಗೊತ್ತಾಗಿರಬೇಕು."

"ಆ ಹೆಸರು ನೋಡಿದ್ದೇ ಸಾಹೇಬರು ಬರೆದಿದ್ದು ಅಂತ ಗೊತ್ತಾಯ್ತು."

"ಆದರೂ ಸ್ಟೀಮ್ ಬಿಟ್ಟೆ."

"ಸಾಹೇಬರು ಬರೆದಿದ್ದು ಅಂತ ಗೊತ್ತಾಗಿದ್ದಕ್ಕೇ ಬಿಟ್ಟೆ ಮೇಡಂ."

ನುವಲ್ ಒಳಗೆ ಬಂದಿದ್ದಳು. ರಚನೀ ಅವಳಿಗೆ ಕೋಪ್‌ನ ನಿಜವಾದ ಬರಹವನ್ನು ಓದಿ ಹೇಳಿದಳು. ತಪ್ಪು ಅವನದಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನುವಲ್ ತಲೆಯಾಡಿಸಿದಳು. ಆಮೇಲೆ ಕೆಲಸಗಾರರ ಕಡೆ ತಿರುಗಿದಳು.

"ಅಳಿಸೋಕೆ ಮುಂಚೆ ಇದನ್ನ ಯಾರಾದ್ರೂ ಓದಿದ್ರಾ?"

ಮೊದಲು ಮುದುಕಿ ಕೈ ಎತ್ತಿದಳು. ಪಕ್ಕದವನು ಎತ್ತಿದ. ಉವನ್ ಎತ್ತಿದ. ಬಾಗಿಲಲ್ಲಿ ನಿಂತಿದ್ದ ವಿಭಾ ಎತ್ತಿದಳು. ಮೀನಿನ ಎಣ್ಣೆ ಮೆತ್ತಿದ ಕೈಗವಸುಗಳು ಸಾಲುಸಾಲಾಗಿ ಮೇಲೆದ್ದವು.

"ಎಲ್ಲರೂ ಓದ್ತಾರೆ ಅಂತಾನೇ ಬರೀತಿದ್ದ," ಎಂದಳು ನುವಲ್.

ಅವಳು ಹೋಗಿಯಾಯಿತು. ಎತ್ತಿದ ಕೈಯನ್ನು ಮೊದಲು ಯಾರು ಇಳಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.