ಹಳದಿ ರೈಲಿನೊಳಗೆ ಮೇಯರ್

ಹಳದಿ ರೈಲಿನ ಬಾಗಿಲು ಮುಚ್ಚಿತು. ಮೇಯರ್ ಎಂಬ ಬೆಕ್ಕು ಒಳಗೆ, ಒಡೆಟ್ ಹೊರಗೆ.

ಸ್ವಲ್ಪ ಮುಂಚೆ ಪ್ಲಾಟ್‌ಫಾರ್ಮ್ ಮೇಲೆ ಮೇಯರ್ ಅವಳ ಕಾಲ ಬಳಿಯೇ ಕೂತು, ಟಿಫಿನ್ನಿನಲ್ಲಿ ಉಳಿದಿದ್ದ ಮೀನಿನ ಚೂರು ನೆಕ್ಕುತ್ತಿದ್ದ. ಅಷ್ಟರಲ್ಲಿ ಹಣದ ಚೀಲಗಳ ತಳ್ಳುಗಾಡಿ ಗಡಗಡ ಸದ್ದು ಮಾಡುತ್ತಾ ಬಂತು. ಮೇಯರ್ ಬೆಚ್ಚಿಬಿದ್ದು ಎದುರಿಗೆ ಕಂಡ ಬಾಗಿಲೊಳಗೆ ನುಗ್ಗಿಬಿಟ್ಟ. ಆ ಬಾಗಿಲಲ್ಲಿ ನಿಂತಿದ್ದವನು ಒಡೆಟ್‌ಳ ಅಪ್ಪ.

"ಅಪ್ಪಾ, ಮೇಯರ್ ಒಳಗೆ ಹೋದ!" ಎಂದು ಕೂಗುತ್ತಾ ಅವಳು ಓಡಿದ್ದಳು. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡಿದ್ದ ಗಾರ್ಡುಗಳು ತಟ್ಟನೆ ಅವಳತ್ತ ತಿರುಗಿದರು. ಅಪ್ಪನೂ ನೋಡಿದ. ಗೋಡೆಯ ಮೇಲಿನ ಜಾಹೀರಾತು ನೋಡುವ ಹಾಗೆ ನೋಡಿದ.

"ಯಾರ ಮಗು ಇದು?" ಎಂದು ಗಾರ್ಡನ್ನು ಕೇಳಿದ. "ಹಿಂದಕ್ಕೆ ಕಳಿಸಿ."

ರೈಲು ಹೊರಟುಹೋಯಿತು. ಒಡೆಟ್‌ಳ ಕಿವಿ ಬಿಸಿಯಾಗಿತ್ತು. ಯಾರ ಮಗು ಇದು. ಬೆಳಿಗ್ಗೆ ತಾನೆ ಅವಳ ಜಡೆಗೆ ರಿಬ್ಬನ್ ಕಟ್ಟಿದ್ದವನು ಇದೇ ಅಪ್ಪ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳ ಕ್ಲಾಸಿನ ಲಮಾರ್.

"ಏನೇ, ಕಂಡ ಕಂಡವರನ್ನೆಲ್ಲ ಅಪ್ಪ ಅಂತೀಯಾ? ನಿಮ್ಮಪ್ಪ ಹಳಿ ರಿಪೇರಿ ಮಾಡೋದು ಅಂತ ಹೇಳಿದ್ದೆಯಲ್ಲ?"

ಹಾಗೆ ಹೇಳಬೇಕೆಂದು ಮನೆಯಲ್ಲಿ ಅವಳಿಗೆ ಹೇಳಿಕೊಟ್ಟಿದ್ದರು. ಆಗಿನ್ನೂ ಬ್ರೂಕ್ಲಿನ್ನಿನ ಸಬ್‌ವೇಗೆ, ಅಂದರೆ ನೆಲದಡಿಯ ರೈಲಿಗೆ, ಟೋಕನ್ ಹಾಕಿ ಒಳಗೆ ಹೋಗುತ್ತಿದ್ದ ಕಾಲ. ಟೋಕನ್ ಮಾರಿ ಬಂದ ಹಣವನ್ನು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹೋಗಿ ಒಯ್ಯುತ್ತಿದ್ದುದು ಈ ಹಳದಿ ರೈಲು. ಅದಕ್ಕೆ ಪ್ರಯಾಣಿಕರೂ ಇಲ್ಲ, ಹೊತ್ತುಗೊತ್ತೂ ಇಲ್ಲ. ಅದರಲ್ಲಿ ಕೆಲಸ ಮಾಡುವವರು ಪಕ್ಕದ ಮನೆಯವರಿಗೂ ನಿಜ ಹೇಳುತ್ತಿರಲಿಲ್ಲ.

"ಹೌದು ಕಣೋ, ಅವನೇ ನಮ್ಮಪ್ಪ" ಎಂಬ ಮಾತು ಒಡೆಟ್‌ಳ ನಾಲಗೆಯ ತುದಿಗೆ ಬಂದಿತ್ತು. ಹೇಳಿಯೇ ಬಿಡುತ್ತಿದ್ದಳು. ಆದರೆ ಟೋಕನ್ ಮಾರುವ ಮಿಸೆಸ್ ಬ್ರೈತ್‌ವೇಟ್ ತಮ್ಮ ಗೂಡಿನ ಗಾಜನ್ನು ಉಂಗುರದಿಂದ ಟಕಟಕ ಬಡಿದು ಕರೆದರು. ಮೇಯರ್ ಈ ಮಿಸೆಸ್ ಬ್ರೈತ್‌ವೇಟ್‌ರ ಬೆಕ್ಕು. ಅಂದರೆ, ಅವರ ಗೂಡಿನಲ್ಲಿ ಇಲಿ ಹಿಡಿದುಕೊಂಡು, ಸ್ಟೇಷನ್ನೆಲ್ಲ ತನ್ನದೇ ಎಂಬ ಗತ್ತಿನಲ್ಲಿ ತಿರುಗುತ್ತಿದ್ದ ಬೆಕ್ಕು. ಆ ಗತ್ತಿಗೇ ಅವನಿಗೆ ಮೇಯರ್ ಎಂಬ ಹೆಸರು.

ಹಣ ಎಣಿಸುವ ಕಟ್ಟಡ ತಲುಪಿದ ಮೇಲೆ ಎಲ್ಲರೂ ಇಳಿಯುತ್ತಾರೆ, ಅವನೂ ಇಳಿಯುತ್ತಾನೆ, ಅಳಬೇಡ ಎಂದರು ಮಿಸೆಸ್ ಬ್ರೈತ್‌ವೇಟ್. ತಾನು ಅಳುತ್ತಿಲ್ಲ ಎಂದಳು ಒಡೆಟ್. ನಿಜಕ್ಕೂ ಅವಳು ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದಳು.

ಮನೆಗೆ ಬಂದವಳೇ ಶೂಗಳನ್ನು ಒಂದೊಂದು ಮೂಲೆಗೆ ಒದ್ದಳು. ಅಜ್ಜಿ ಅನ್ನ, ಹುರುಳಿ, ಕರಿದ ಬಾಳೆಕಾಯಿ ಬಡಿಸಿದರೆ ತಟ್ಟೆಯನ್ನು ಆಚೆ ತಳ್ಳಿದಳು. ಸ್ಟೇಷನ್ನಿನಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಜ್ಜಿ ಅಯ್ಯೋ ಪಾಪ ಎನ್ನುತ್ತಾಳೆ, ಅಪ್ಪನಿಗೆ ಬೈಯುತ್ತಾಳೆ ಎಂದುಕೊಂಡಿದ್ದಳು. ಆದರೆ ಅಜ್ಜಿ ಎದ್ದು ಹೋಗಿ ಬಾಗಿಲಿಗೆ ಚೈನು ಹಾಕಿ ಬಂದಳು.

ಕತ್ತಲಾಗುವ ಹೊತ್ತಿಗೆ ಅಪ್ಪ ಬಾಗಿಲು ತಟ್ಟಿದ. ಅಜ್ಜಿ ಸಂದಿಯಲ್ಲಿ ನೋಡಿ, ಚೈನು ತೆಗೆದು, ಅವನು ಒಳಗೆ ಬಂದ ಕೂಡಲೇ ಮತ್ತೆ ಹಾಕಿದಳು. ಅವನ ಊಟದ ಚೀಲದಿಂದ ಎರಡು ಕಿವಿಗಳು ಹೊರಗೆ ಇಣುಕುತ್ತಿದ್ದವು. ಅಪ್ಪನ ಮಣಿಕಟ್ಟಿನ ತುಂಬ ಪರಚಿದ ಗೆರೆಗಳು.

ಮೇಯರ್ ಚಂಗನೆ ಹಾರಿ ಕುರ್ಚಿಯ ಕೆಳಗೆ ಸೇರಿಕೊಂಡ. ಒಡೆಟ್ ಅವನನ್ನು ಎಳೆದು ಎದೆಗೆ ಒತ್ತಿಕೊಂಡಳು. ಅಪ್ಪ ತನ್ನ ಊಟವನ್ನೆಲ್ಲ ಅವನಿಗೇ ಹಾಕಿದ್ದನಂತೆ. ಆದರೂ ಅವಳ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

"ಯಾರ ಮಗು ಅಂತ ಕೇಳಿದೆಯಲ್ಲ," ಎಂದಳು. "ಈಗ ಗೊತ್ತಾಯ್ತಾ ಯಾರ ಮಗು ಅಂತ?"

ಅಪ್ಪನ ಮುಖ ಕೆಂಪಾಯಿತು. "ಎಷ್ಟು ಸಲ ಹೇಳಿದೀನಿ ನಿಂಗೆ? ಆ ರೈಲಿನ ಹತ್ತಿರ ನಾನು ಯಾರಿಗೂ ಏನೂ ಅಲ್ಲ."

"ಬೆಕ್ಕಿಗಾದ್ರೆ ನಿನ್ನ ಊಟ ಕೊಡ್ತೀಯ. ನನ್ನ ಕಡೆ ನೋಡೋಕೂ ಆಗಲ್ಲ."

"ಪ್ಲಾಟ್‌ಫಾರ್ಮ್ ಮೇಲೆ ಎಷ್ಟು ಜನ ಇದ್ರು?"

"ತುಂಬ ಜನ."

"ಯಾರ್ಯಾರು?"

"ನಂಗೇನು ಗೊತ್ತು?"

"ನಂಗೂ ಗೊತ್ತಿಲ್ಲ," ಎಂದ ಅಪ್ಪ.

ಇಬ್ಬರೂ ಮುಖ ಊದಿಸಿಕೊಂಡು ಕೂತರು. ಅಪ್ಪ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಗಂಟು ಬಿಡಿಸಲು ಅವನಿಗೆ ಆಗಲೇ ಇಲ್ಲ. ಲೇಸು ಬಿಟ್ಟು ಮತ್ತೆ ಬಾಗಿಲ ಚೈನಿನತ್ತ ನೋಡಿದ. ಅದು ಒಡೆಟ್‌ಗೆ ಕಾಣಿಸಿತು. ಕಂಡದ್ದಕ್ಕೇ ಇನ್ನಷ್ಟು ಸಿಟ್ಟು ಬಂದು, ಬೆಕ್ಕನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ದಡಾರನೆ ಹಾಕಿಕೊಂಡಳು.

ಮೇಯರ್ ಅವಳ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ. ಆಚೆ ಅಪ್ಪ ಎದ್ದು ನಡೆದ ಸದ್ದು. ಚೈನನ್ನು ಜಗ್ಗಿ ನೋಡಿದ ಸದ್ದು. ಬಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ, ಮತ್ತೆ ಜಗ್ಗಿದ.

ಅವರ ಮನೆಯಲ್ಲಿ ಇವತ್ತಿನವರೆಗೆ ಆ ಚೈನನ್ನು ಯಾರೂ ಹಾಕಿದ್ದೇ ಇರಲಿಲ್ಲ. ಅದು ತುಕ್ಕು ಹಿಡಿದು ಸುಮ್ಮನೆ ನೇತಾಡುತ್ತಿತ್ತು.

ಬೆಕ್ಕಿನ ಬೆನ್ನು ಸವರುತ್ತಿದ್ದ ಒಡೆಟ್‌ಳ ಕೈ ನಿಂತಿತು. ತಾನು ಅಪ್ಪಾ ಎಂದು ಕೂಗಿದಾಗ ತಿರುಗಿ ನೋಡಿದವರೆಲ್ಲ ಕಣ್ಣ ಮುಂದೆ ಬಂದರು. ಪೇಪರ್ ಹಿಡಿದಿದ್ದವನು. ಟೊಪ್ಪಿಯವನು. ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ ಇಬ್ಬರು. ಅವಳ ಸ್ಕೂಲ್ ಬ್ಯಾಗು ಮೂಲೆಯಲ್ಲಿತ್ತು. ಅದರ ಮೇಲೆ ಅವಳೇ ಅಂಟಿಸಿದ್ದ ದೊಡ್ಡ ಬೆಳ್ಳಿ ಅಕ್ಷರಗಳಲ್ಲಿ ಅವಳ ಹೆಸರು ಹೊಳೆಯುತ್ತಿತ್ತು.

ಅವಳು ನೆಲದ ಮೇಲೆ ಕೂತು, ಉಗುರಿನಿಂದ ಒಂದೊಂದೇ ಅಕ್ಷರ ಕೀಳತೊಡಗಿದಳು. ಅಂಟು ಗಟ್ಟಿಯಾಗಿತ್ತು. ಅಕ್ಷರಗಳೆಲ್ಲ ಹೋದರೂ ಬ್ಯಾಗಿನ ಮೇಲೆ ಕಲೆ ಉಳಿದೇ ಉಳಿಯಿತು.

ಮಾರನೆಯ ದಿನ ಅವಳು ಮೇಯರ್‌ನನ್ನು ಒಯ್ದು ಗೂಡಿನಲ್ಲಿ ಬಿಟ್ಟಳು. ಟೋಕನ್ ಹಾಕದೆ ಊರೆಲ್ಲ ಸುತ್ತಿ ಬಂದೆಯಾ ಕಳ್ಳ ಎಂದು ಮಿಸೆಸ್ ಬ್ರೈತ್‌ವೇಟ್ ಅವನ ಕಿವಿ ಹಿಂಡಿದರು.

ಮುಂದಿನ ವಾರ ಹಳದಿ ರೈಲು ಮತ್ತೆ ಬಂತು. ತಳ್ಳುಗಾಡಿ ಉರುಳುವ ಮೊದಲೇ ಒಡೆಟ್ ಮೇಯರ್‌ನನ್ನು ಎತ್ತಿ ಕೋಟಿನೊಳಗೆ ತುರುಕಿ ಜಿಪ್ ಎಳೆದುಕೊಂಡಳು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವನ ಮಣಿಕಟ್ಟಿನ ಗೆರೆಗಳು ಕಪ್ಪಾಗಿದ್ದವು.

"ಬಂತು ನೋಡೇ ನಿಮ್ಮಪ್ಪನ ರೈಲು," ಎಂದ ಲಮಾರ್. "ಕರಿ, ಇವತ್ತೂ ಅಪ್ಪಾ ಅಂತ ಕರಿ."

ಒಡೆಟ್‌ಗೆ ಮೈಯೆಲ್ಲ ಉರಿಯಿತು. ಲಮಾರ್ ಮೇಲೆ, ಆ ಚೀಲಗಳ ಮೇಲೆ, ಆ ಹಳದಿ ಬಣ್ಣದ ಮೇಲೆ. ಅವಳು ರೈಲಿಗೆ ಬೆನ್ನು ಹಾಕಿ ಗೋಡೆಯತ್ತ ತಿರುಗಿದಳು. ಅಲ್ಲಿ ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿತ್ತು.

"ಅವರು ಯಾರೋ ಏನೋ," ಎಂದಳು, ಬಾಗಿಲವರೆಗೂ ಕೇಳಿಸುವಷ್ಟು ಜೋರಾಗಿ. "ಅವತ್ತು ದೂರದಿಂದ ನಮ್ಮಪ್ಪನ ಥರ ಕಂಡ್ರು, ಅಷ್ಟೇ. ನಮ್ಮಪ್ಪ ಹಳಿ ರಿಪೇರಿ ಮಾಡೋದು."

ಕೋಟಿನೊಳಗೆ ಮೇಯರ್ ಒದ್ದಾಡಿದ. ಅವಳ ಮಣಿಕಟ್ಟನ್ನು ಪರಚಿದ, ಮತ್ತೆ ಪರಚಿದ. ಬಾಗಿಲು ಮುಚ್ಚಿದ ಸದ್ದು ಕೇಳಿಸುವವರೆಗೂ ಒಡೆಟ್ ಅವನನ್ನು ಬಿಡಲಿಲ್ಲ, ಹಿಂದಕ್ಕೆ ತಿರುಗಲೂ ಇಲ್ಲ.