ದಡ ಬಿಟ್ಟು ಬಂದವರು

"ಬಲೆ ತೊಳೆದಿದ್ರಾ?"

ಹೊಸದಾಗಿ ಕೆಲಸಕ್ಕೆ ಸೇರಿದವನು ಅವಳ ಜತೆ ಆಡಿದ ಮೊದಲ ಮಾತೇ ಇದು. ಅದೂ ತುಂಬಿದ ಸಭೆಯಲ್ಲಿ, ನಿರ್ದೇಶಕರ ಎದುರಿಗೆ!

ಅವಳ ಕಿವಿ ಬಿಸಿಯಾಯಿತು. ಈ ಸಮುದ್ರ ಸಂಶೋಧನಾ ಕೇಂದ್ರದಲ್ಲಿ ಪ್ಲಾಂಕ್ಟನ್ ಎಣಿಸುವುದು ಅವಳ ಕೆಲಸ. ನೀರಿನೊಂದಿಗೆ ತೇಲುವ, ಬರಿಗಣ್ಣಿಗೆ ಕಾಣದ ಪುಟ್ಟ ಜೀವಗಳು. ಮನೆಯಲ್ಲಿ ತಂಗಿ ಇಟ್ಟ ಹೆಸರು 'ಪ್ಲಾಂಕ್ಟಮ್ಮ'.

ಗಾಳಿ ದಡದ ಮೇಲ್ನೀರನ್ನು ಆಚೆ ತಳ್ಳಿದಾಗ ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಅದು ತಳದಿಂದ ಹೊತ್ತು ತಂದ ಸತ್ವವನ್ನುಂಡು ಪ್ಲಾಂಕ್ಟನ್ ಬೆಳೆಯುತ್ತದೆ. ಆಮೇಲೆ ಆ ನೀರು ಉದ್ದನೆಯ ನಾಲಿಗೆಯಾಗಿ ನಡುಗಡಲಿಗೆ ಚಾಚಿ, ಅಲ್ಲಿನ ಬಡ ನೀರಿಗೆ ಊಟ ಬಡಿಸುತ್ತದೆ ಎಂಬುದು ಅವಳ ವಾದ. ಸಾಕ್ಷಿ? ದೂರದ ಕಡಲಲ್ಲಿ ಅವಳ ಬಲೆಗೆ ಸಿಕ್ಕ ದಡದ ಪ್ಲಾಂಕ್ಟನ್.

"ನಾನೇ ನಿಂತು ತೊಳೆದಿದ್ದೀನಿ ಸ್ವಾಮಿ!"

"ಆದ್ರೂ ದಡದಲ್ಲಿ ಎಳೆದ ಬಲೇನೇ ಅಲ್ಲೂ ಎಳೆದಿದ್ದೀರಿ. ಒಂದಿಷ್ಟು ಅಂಟಿಕೊಂಡು ಬಂದಿರಬಹುದಲ್ವಾ?"

ಅವನು ಪ್ರವಾಹಗಳ ಗಣಿತದವನು. ದಿನವಿಡೀ ಕಂಪ್ಯೂಟರಿನಲ್ಲಿ ಸುಳಿ ತಿರುಗಿಸುತ್ತಾನೆಂದು ಎಲ್ಲರಿಗೂ 'ಸುಳಿರಾಯ'.

ನಿರ್ದೇಶಕರು ವರದಿಯನ್ನು ಪಕ್ಕಕ್ಕೆ ಸರಿಸಿದರು. ಮೂರು ವರ್ಷದ ದುಡಿಮೆ... ಒಂದು ಪ್ರಶ್ನೆಗೆ ನೀರುಪಾಲು!

"ಹೋಗ್ಲಿ ಬಿಡೇ," ಎಂದರು ಅಮ್ಮ ಆ ಸಂಜೆ. "ಕಣ್ಣಿಗೆ ಕಾಣದ್ದಕ್ಕೆ ಇಷ್ಟು ಅಳ್ತೀಯಲ್ಲ, ಕಣ್ಣಿಗೆ ಕಾಣೋ ಗಂಡು ಒಂದನ್ನೂ ಒಪ್ಪಲ್ಲ!"

"ಅಮ್ಮಾ, ಅಕ್ಕನಿಗೆ ಭೂತಗನ್ನಡಿ ಇಲ್ದೆ ಗಂಡೂ ಕಾಣಲ್ಲ," ಎಂದಳು ತಂಗಿ.

ಮರುವಾರ ಹಡಗು ಮತ್ತೆ ಹೊರಡುವುದೆಂದಾಯಿತು. ಈ ಸಲ ದಾರಿ ತಿರುವುಮುರುವು. ಮೊದಲ ಬಲೆ ದೂರದ ಕಡಲಲ್ಲಿ, ಕೊನೆಯದು ದಡದಲ್ಲಿ. ಬಲೆಯೂ ಹೊಚ್ಚ ಹೊಸದು. ಸೂಚಿಸಿದವನು ಸುಳಿರಾಯ. ಜತೆಗೆ ಬರುವವನೂ ಅವನೇ!

'ಕಳ್ಳಿಗೆ ಕಾವಲು ಬರ್ತಿದ್ದಾನೆ,' ಅಂದುಕೊಂಡಳು. ಹಡಗಿನಲ್ಲಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆದರೆ ಸುಳಿಗಳ ಒಡೆಯ ಅಲೆ ಕಂಡವನಲ್ಲ! ದಡ ಮರೆಯಾಗುವ ಮೊದಲೇ ಕಂಬಿಗೆ ಜೋತುಬಿದ್ದು, ತಿಂದದ್ದನ್ನೆಲ್ಲ ಮೀನುಗಳಿಗೆ ದಾನ ಮಾಡುತ್ತಿದ್ದ. ಕೊನೆಗೆ ಅವಳಿಗೇ ಪಾಪವೆನಿಸಿತು. ಒಣ ಬಿಸ್ಕತ್ತು ಹಿಡಿದು ಹತ್ತಿರ ಹೋದಳು.

"ಇಷ್ಟು ಕಷ್ಟಪಟ್ಟು ನನ್ನ ತಪ್ಪು ಹಿಡೀಬೇಕಿತ್ತಾ?"

"ತಪ್ಪಾ?" ಅವನು ಬಾಯಿ ಒರೆಸಿಕೊಂಡ. "ಈ ವರದಿ ಹೊರಗೆ ಹೋದ್ಮೇಲೆ ಯಾರಾದ್ರೂ ಆ ಪ್ರಶ್ನೆ ಕೇಳೇ ಕೇಳ್ತಿದ್ರು. ಆಮೇಲೆ ಹಡಗು ಸಿಗ್ತಿರ್ಲಿಲ್ಲ. ಈಗ್ಲೇ ಹಡಗು ಕೊಡಿ ಅಂತ ಕೇಳಿದಾಗ ನಿರ್ದೇಶಕರು ಏನಂದ್ರು ಗೊತ್ತಾ?" ದನಿ ದಪ್ಪ ಮಾಡಿದ. ಥೇಟ್ ನಿರ್ದೇಶಕರೇ! "ಹಡಗಿಗೆ ಎಣ್ಣೆ ನಿಮ್ಮ ತಾತ ಹಾಕ್ತಾರೇನ್ರೀ?"

ಅವಳಿಗೆ ನಗು ತಡೆಯಲಾಗಲಿಲ್ಲ.

"ಈ ಬಲೆ ದಡದ ನೀರನ್ನೇ ಕಂಡಿಲ್ಲ," ಎಂದ ಮೆಲ್ಲಗೆ. "ಇದರಲ್ಲಿ ಸಿಕ್ಕಿದ್ದಕ್ಕೆ ಯಾರೂ ಬಾಯಿ ತೆಗೆಯೋ ಹಾಗಿಲ್ಲ."

"ಸಿಗದಿದ್ರೆ?"

"ಇಬ್ಬರೂ ಒಟ್ಟಿಗೆ ಬೈಸ್ಕೊಳ್ಳೋಣ."

ಇಬ್ಬರೂ... ಆ ಪದ ಅವಳೊಳಗೆ ಮೆಲ್ಲನೆ ಇಳಿಯಿತು. ಛೇ, ಇವನನ್ನೇ ಬೈದುಕೊಂಡೆನಲ್ಲಾ!

ಮಧ್ಯಾಹ್ನ ಉಷ್ಣಮಾಪಕದ ಅಂಕಿ ಇದ್ದಕ್ಕಿದ್ದಂತೆ ಕೆಳಗಿಳಿಯಿತು. ನಾಲಿಗೆಯ ತಣ್ಣೀರು! ಬಲೆ ಇಳಿಯಿತು, ಏರಿತು. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಇದ್ದವು. ದಡದವೇ! ಒಂದಕ್ಕೊಂದು ಸರಪಳಿ ಹೆಣೆದುಕೊಂಡು, ಇಷ್ಟು ದೂರ!

"ಬಾ... ಬೇಗ ಬಾ, ನೋಡು!"

ಬಹುವಚನ ಕಡಲಪಾಲಾಗಿತ್ತು. ತೂರಾಡುತ್ತ ಬಂದವನು ತುಂಬ ಹೊತ್ತು ಬಾಗಿ ನೋಡಿದ.

"ನನಗೆ ಇದೆಲ್ಲ ಕಂಪ್ಯೂಟರ್ ತೆರೆ ಮೇಲಿನ ಬಣ್ಣದ ಗೆರೆ ಆಗಿತ್ತು. ಸಭೇಲಿ ನೀವು ಮಾತಾಡಿದ ದಿನವೇ ಅದಕ್ಕೆ ಜೀವ ಬಂತು. ಅವತ್ತಿಂದ..." ತಲೆ ಎತ್ತಲಿಲ್ಲ. "ನಿಮ್ಮ ಮಾತು ಜೀವನಪೂರ್ತಿ ಕೇಳ್ಬೇಕು ಅನ್ನಿಸ್ತಿದೆ."

ಅವಳ ಕಣ್ಣು ತುಂಬಿತು. ಹಡಗು ದಡದತ್ತ ತಿರುಗಿತು.

"ದಡ ಮುಟ್ಟೋಕೆ ಎಷ್ಟು ಹೊತ್ತಾಗುತ್ತೆ?" ಕೇಳಿದ.

"ನಾಳೆ ಬೆಳಗ್ಗೆ. ಯಾಕೆ, ಅವಸರಾನಾ?"

"ಇನ್ನೂ ನಿಧಾನಕ್ಕೆ ಹೋಗೋಕೆ ಹೇಳ್ಲಾ?"

"ಹೊಟ್ಟೆ ತೊಳೆಸುತ್ತಲ್ಲೋ ನಿಂಗೆ!"

"ತೊಳೆಸ್ಲಿ ಬಿಡು."

ಅವಳು ಕೂತಿದ್ದ ಬೆಂಚಿನ ಮೇಲೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.